ಅಪ್‌ಡೇಟ್: ನಲಿ-ಕಲಿ (ಆಡ್ತಾ ಕಲಿಯೋ ಸಣ್ಣ ತರಗತಿ) ಮಕ್ಕಳ ಗೊಂಬೆ ಬಿರುಕು ಬಿಡೋದು ನಿಂತೈತ್ರಿ

ನಮಸ್ಕಾರ್ರೀ. ಕೊಪ್ಪಳ ಕಡೆ ಶಾಲೆ ನಮ್ದು. ಖರ್ಚಿಲ್ಲದಂಗ ವರ್ಷಪೂರ್ತಿ ಏನೇನು ಕಲಾಕೃತಿ ಮಾಡಿಸಲಿ, ಮಣ್ಣಿನ ಗೊಂಬಿ ಒಣಗಿದ ಕೂಡ್ಲೇ ಸೀಳ್ತಾವಲ್ಲ ಅಂತ ಕೇಳಿದ್ದೆ.

'ಹಬ್ಬದ ಬೆನ್ನು ಹಿಡಿರಿ' ಅಂದವರಿಗೆ ಶರಣು. ಮಣ್ಣೆತ್ತಿನ ಅಮಾವಾಸ್ಯೆ, ನಾಗಪಂಚಮಿ, ಗಣಪ, ಜನವರಿಗೆ ಗವಿಮಠದ ತೇರು. ಪಟ್ಟಿ ತಾನೇ ತಯಾರಾತು.

ಬಿರುಕಿನ ಕಥಿ ಬ್ಯಾರೆ. ನಮ್ಮ ಎರೆಮಣ್ಣು ನೀರು ಕುಡಿದು ಉಬ್ಬತೈತಿ, ಒಣಗಿದ್ರ ಕುಗ್ಗತೈತಿ. ನೆರಳಾಗ ಒದ್ದಿ ಬಟ್ಟಿ ಮುಚ್ಚಿದ್ರೂ ಎತ್ತಿನ ಇಣಿ ಸೀಳೇ ಬಿಡ್ತು. ಮೈದಾ ಅಂಟಿಗೆ ಇರುವಿ ಮುತ್ತಿದ್ವು.

ಗೆದ್ದದ್ದು ಹುಣಸಿಬೀಜ! ಹುರಿದು, ಸಿಪ್ಪಿ ತೆಗೆದು, ನೆನೆಸಿ ರುಬ್ಬಿ ಕುದಿಸಿದ್ರ ಗಟ್ಟಿ ಅಂಟು. ಅದಕ್ಕ ಗೋಣಿಚೀಲದ ನಾರು ಸಣ್ಣಗ ಕತ್ತರಿಸಿ ಕಲಸಿದ್ವಿ, ಮಣ್ಣು ಬಿಟ್ಟೇ ಬಿಟ್ವಿ. ಒಲಿ ಕೆಲಸ ನಂದು, ಕಲಸೋದು ಮಕ್ಕಳದು.

ಆಮ್ಯಾಲೆ ತಿಳೀತು, ಇದು ಗೊಂಬಿ ಮಾಡೋ ಕಿನ್ನಾಳದ ಚಿತ್ರಗಾರರ 'ಕಿಟ್ಟ' ಅನ್ನೋ ಅಂಟಿನ ಮಿಶ್ರಣದ ದಾರಿನೇ! ಅವರು ಹಗುರ ಕಟ್ಟಿಗಿ ಗೊಂಬಿಗೆ ಇಂಥದನ್ನೇ ಬಳೀತಾರ. ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಮಾನ್ಯತೆ ಇರೋ ಕಲೆ, ಅದೂ ನಮ್ಮ ತಾಲೂಕಿನಾಗ. ಮುಂದ ಒಬ್ಬ ಕುಶಲಕರ್ಮಿಯನ್ನ ಶಾಲೆಗೆ ಕರೀಬೇಕಂತ ಮಾಡೀವಿ.

ಮಾಡೋರಿಗೆ ಒಂದು ಮಾತು: ಅಂಟು ಬ್ಯಾಸಿಗ್ಯಾಗ ಲಗೂನ ನಾರತೈತಿ, ಬೇಕಾದಷ್ಟೇ ಕುದಿಸಿಕೊಳ್ರಿ.