ಸಿಪ್ಪೆ ಇರುವ ಗೇರುಬೀಜ ಫ್ಲ್ಯಾಟಿನಲ್ಲಿ ಹುರಿಯಬಹುದಾ? ಸಿಪ್ಪೆಯ ಎಣ್ಣೆ ಚರ್ಮಕ್ಕೆ ಹಚ್ಚಬಹುದಾ?

ಬೆಳ್ತಂಗಡಿ ಸೊಸೆ:
ಅತ್ತೆ ಊರಿಂದ ಒಂದು ಚೀಲ ಗೇರುಬೀಜ ಕಳಿಸಿದ್ದಾರೆ, ಸಿಪ್ಪೆ ಸಮೇತ. ನಾವಿರುವುದು ಬೆಂಗಳೂರಿನಲ್ಲಿ, ಮೂರನೇ ಮಹಡಿ. ಕಬ್ಬಿಣದ ಬಾಣಲೆಯಲ್ಲಿ ಗ್ಯಾಸ್ ಮೇಲೆ ಹುರಿದು ಒಡೆಯೋಣ ಅಂತಾರೆ ನಮ್ಮೆಜಮಾನರು. ಸಿಪ್ಪೆಯ ಎಣ್ಣೆಯಲ್ಲಿ ಅನಕಾರ್ಡಿಕ್ ಆಮ್ಲ ಇದೆ, ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ನರಹುಲಿಗೂ ಹಚ್ಚಬಹುದು ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಬಾಗಿಲಿನ ಚೌಕಟ್ಟಿಗೆ ಗೆದ್ದಲು ಹತ್ತಿದೆ, ಅದಕ್ಕೂ ಬಳಿಯಬಹುದಾ? ಗೊತ್ತಿದ್ದವರು ಹೇಳಿ.

ಬೋರ್ಮಾ ಅಕ್ಕ:
ದಯವಿಟ್ಟು ಮನೆಯೊಳಗೆ ಹುರಿಯಬೇಡಿ. ನಾನು ಮಂಗಳೂರು ಕಡೆ ಗೇರುಬೀಜದ ಫ್ಯಾಕ್ಟರಿಯಲ್ಲಿ ಮೊದಲು ಕಟ್ಟಿಂಗ್‌ಗೆ (ಸಿಪ್ಪೆ ಕತ್ತರಿಸುವ ಕೆಲಸ), ಆಮೇಲೆ ಬೋರ್ಮಾದಲ್ಲಿ, ಅಂದರೆ ತಿರುಳು ಒಣಗಿಸುವ ಬಿಸಿ ಕೋಣೆಯಲ್ಲಿ ಕೆಲಸ ಮಾಡಿದವಳು. ಈ ಎಣ್ಣೆ ಏನು ಮಾಡುತ್ತದೆ ಅಂತ ಕೈಯಾರೆ ಗೊತ್ತು.

ಒಂದು ಬೀಜವನ್ನು ಅಡ್ಡ ಕತ್ತರಿಸಿ ನೋಡಿದರೆ ಹೊರಸಿಪ್ಪೆಗೂ ಒಳಸಿಪ್ಪೆಗೂ ನಡುವೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕಣ್ಣುಗಳು ಕಾಣುತ್ತವೆ. ಅದರ ತುಂಬ ಕಂದು ಬಣ್ಣದ ದಪ್ಪ ಎಣ್ಣೆ. ಹಸಿ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಅನಕಾರ್ಡಿಕ್ ಆಮ್ಲವೇ. ಉಳಿದದ್ದರಲ್ಲಿ ಕಾರ್ಡಾಲ್ ಮುಖ್ಯ, ಅದೂ ಚರ್ಮ ಸುಡುವಂಥದ್ದೇ. ಅನಕಾರ್ಡಿಕ್ ಆಮ್ಲದ ಅಣುವಿನ ತಲೆಭಾಗ ಸ್ಯಾಲಿಸಿಲಿಕ್ ಆಮ್ಲದ್ದೇ. ನರಹುಲಿ ಔಷಧಿಯಲ್ಲಿ ಇರುವುದು ಸ್ಯಾಲಿಸಿಲಿಕ್ ಆಮ್ಲ, ಬಹುಶಃ ವಿಡಿಯೋದವರು ಅಲ್ಲಿಂದಲೇ ಹೊರಟಿರಬೇಕು. ಆದರೆ ಅನಕಾರ್ಡಿಕ್ ಆಮ್ಲಕ್ಕೆ 15 ಇಂಗಾಲದ ಪರಮಾಣುಗಳ ಉದ್ದ ಬಾಲವೂ ಇದೆ. ಆ ಬಾಲದಿಂದಾಗಿ ಇದು ಎಣ್ಣೆಯಲ್ಲಿ ಕರಗುತ್ತದೆ, ಚರ್ಮದೊಳಗೆ ಸುಲಭವಾಗಿ ಇಳಿಯುತ್ತದೆ. ನರಹುಲಿಗೆ ಹಚ್ಚಿದರೆ ಸುತ್ತಲಿನ ಒಳ್ಳೆ ಚರ್ಮವೂ ಸುಟ್ಟು ಕಪ್ಪಾಗುತ್ತದೆ. ಬ್ಯಾಕ್ಟೀರಿಯಾದ ಮಾತು ಸುಳ್ಳಲ್ಲ. ಹಲ್ಲು ಹುಳುಕು ಮಾಡುವ ಬ್ಯಾಕ್ಟೀರಿಯಾ, ಮೊಡವೆಯ ಬ್ಯಾಕ್ಟೀರಿಯಾ ಎರಡನ್ನೂ ಪ್ರಯೋಗಾಲಯದಲ್ಲಿ ಇದು ಕೊಂದಿದೆ. ಅಷ್ಟಕ್ಕೇ ಸಿಪ್ಪೆ ಜಜ್ಜಿ ಮುಖಕ್ಕೆ ಹಚ್ಚೋದು ಅಂದರೆ ಬೇರೆ ಮಾತು, ಅಲ್ವಾ?

ಈಗ ಬಿಸಿಯ ವಿಷಯ. 180-200 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿದಾಗ ಈ ಆಮ್ಲದಿಂದ ಕಾರ್ಬನ್ ಡೈಆಕ್ಸೈಡ್ ಬಿಟ್ಟುಹೋಗಿ ಕಾರ್ಡನಾಲ್ ಉಳಿಯುತ್ತದೆ. ಲಾರಿ, ಬಸ್ಸಿನ ಬ್ರೇಕ್ ಲೈನಿಂಗ್, ಕ್ಲಚ್, ಬಣ್ಣ, ವಾರ್ನಿಷ್ ಎಲ್ಲಕ್ಕೂ ಹೋಗುವುದು ಇದೇ. ಆದರೆ ಹಬೆಯ ಬಿಸಿ ಅಷ್ಟಕ್ಕೆ ಸಾಲದು. ಈಗ ಎಷ್ಟೋ ಫ್ಯಾಕ್ಟರಿಗಳಲ್ಲಿ ಬೀಜವನ್ನು ಹಬೆಯಲ್ಲಿ ಬೇಯಿಸಿ ಕತ್ತರಿಸುತ್ತಾರೆ. ಹಾಗಾಗಿ ಕಟ್ಟಿಂಗ್‌ಗೆ ಕೂತವರ ಬೆರಳಿಗೆ ತಾಗುವುದು ಹಸಿ ಆಮ್ಲವೇ. ನನ್ನ ಎಡಗೈ ಹೆಬ್ಬೆರಳು, ತೋರುಬೆರಳಿನ ತುದಿ ಕಪ್ಪಾಗಿ, ಒಣಗಿ, ಪದರ ಪದರವಾಗಿ ಏಳುತ್ತಿತ್ತು. ಊಟಕ್ಕೆ ಕೂತಾಗ ಬಲಗೈಗೂ ಸಾರಿನ ಖಾರ ತಡೆಯಲು ಆಗುತ್ತಿರಲಿಲ್ಲ. ಎಣ್ಣೆ ಸವರಿಕೊಂಡು, ಬೂದಿ ಮುಟ್ಟಿಕೊಂಡು ಕತ್ತರಿಸುತ್ತಿದ್ದೆವು. ದಪ್ಪ ಗ್ಲೌಸು ಎಲ್ಲ ಹೆಂಗಸರಿಗೂ ಕೊಡಲೇಬೇಕು. ಕೆಲಸ ನಿಧಾನ ಆಗುತ್ತದೆ ಅಂತ ಅದನ್ನು ತಪ್ಪಿಸುವುದನ್ನು ನಾನು ಒಪ್ಪುವುದಿಲ್ಲ.

ಬಾಣಲೆಯಲ್ಲಿ ಹುರಿದರೆ ಸಿಪ್ಪೆ ಬಿರಿದು ಎಣ್ಣೆ ಸಿಡಿಯುತ್ತದೆ, ಬೆಂಕಿಯೂ ಹತ್ತುತ್ತದೆ. ಹೊಗೆ ಕಣ್ಣು, ಗಂಟಲು ಉರಿಸುತ್ತದೆ. ಊರಲ್ಲಿ ಅಂಗಳದಲ್ಲಿ, ತೂತು ಮಾಡಿದ ಹಳೆ ಪಾತ್ರೆಯಲ್ಲಿ, ಗಾಳಿಗೆ ಬೆನ್ನು ಹಾಕಿ ಸುಡುತ್ತಾರೆ. ಉರಿ ಹತ್ತಿದ ಮೇಲೆ ಬೂದಿಗೋ ಮಣ್ಣಿಗೋ ಸುರಿದು, ಎಣ್ಣೆ ಹೀರಿದ ಮೇಲೆ ಒಡೆಯುತ್ತಾರೆ. ಚೆನ್ನಾಗಿ ಒಣಗಿದ ಬೀಜ ತಿಂಗಳುಗಟ್ಟಲೆ ಇರುತ್ತದೆ. ಊರಿಗೆ ಹೋಗುವಾಗ ತಗೊಂಡು ಹೋಗಿ.

ಗೆದ್ದಲಿಗೆ ಈ ಎಣ್ಣೆ ನಿಜಕ್ಕೂ ಒಳ್ಳೆಯದು, ಕರಾವಳಿಯಲ್ಲಿ ಮರದ ದೋಣಿಗೆ ಬಳಿಯುವ ರೂಢಿ ಇದೆ. ಬೇಲಿ ಗೂಟಕ್ಕಾದರೆ ಸೈ. ಮನೆ ಬಾಗಿಲಿಗೆ ಬೇಡ. ಬೇಗ ಒಣಗುವುದಿಲ್ಲ, ಅಂಟಂಟಾಗಿ ಇರುತ್ತದೆ, ಮಕ್ಕಳು ಮುಟ್ಟುತ್ತಾರೆ.

ಶಿರಸಿ ತೋಟ:
ಅಕ್ಕ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಗೇರು, ಮಾವು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು, ಎಲ್ಲ ಒಂದೇ ಕುಟುಂಬದ ಗಿಡಗಳು. ಮಾವಿನ ಸೊನೆ ತಾಗಿದರೆ ಬಾಯಿ ಸುತ್ತ ಬೊಬ್ಬೆ ಏಳುವವರು ಗೇರಿನ ಸಿಪ್ಪೆಯಿಂದಲೂ ದೂರ ಇರಬೇಕು. ನನ್ನ ತಮ್ಮನಿಗೆ ಹಾಗೇ. ಎಳೆ ಗೇರುಬೀಜ ಕೊಯ್ದ ದಿನ ಏನೂ ಆಗಲಿಲ್ಲ, ಮಾರನೇ ದಿನ ಕೈ ಬಾತುಕೊಂಡಿತು. ಅಲರ್ಜಿ ಇದ್ದವರಿಗೆ ತಡವಾಗಿ ಶುರುವಾಗುತ್ತದೆ, ಅದಕ್ಕೇ ಕಾರಣ ತಕ್ಷಣ ಹೊಳೆಯುವುದಿಲ್ಲ.

ಬೆಳ್ತಂಗಡಿ ಸೊಸೆ:
ಇಬ್ಬರಿಗೂ ಧನ್ಯವಾದ. ಚೀಲ ಕಟ್ಟಿ ಮೇಲಿಟ್ಟೆ. ಅಂಗಡಿಯಲ್ಲಿ ಹಸಿ ಗೋಡಂಬಿ ಅಂತ ಮಾರುತ್ತಾರಲ್ಲ, ಅದರಲ್ಲೂ ಈ ಆಮ್ಲ ಇರುತ್ತದಾ? ಕೈಗೆ ತಾಗಿದರೆ ಮೊದಲು ಏನು ಮಾಡಬೇಕು?

ಬೋರ್ಮಾ ಅಕ್ಕ:
ಅಂಗಡಿಯದ್ದು ಹೆಸರಿಗೆ ಹಸಿ. ಹಬೆಯಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಬೋರ್ಮಾದಲ್ಲಿ ಒಣಗಿಸಿದ್ದೇ ಅದು. ತಿರುಳಲ್ಲಿ ಆಮ್ಲ ಇದ್ದರೂ ತೀರಾ ಅತ್ಯಲ್ಪ, ನಿಶ್ಚಿಂತೆಯಿಂದ ತಿನ್ನಿ. ಗೋಡಂಬಿ ತಿಂದರೇ ಅಲರ್ಜಿ ಆಗುವವರ ವಿಷಯ ಬೇರೆ.

ಕೈಗೆ ತಾಗಿದರೆ ಮೊದಲು ತೆಂಗಿನೆಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸಾಬೂನು ಹಾಕಿ ಚೆನ್ನಾಗಿ ತೊಳೆಯಿರಿ. ಬರೀ ನೀರಿಗೆ ಅದು ಹೋಗುವುದಿಲ್ಲ. ಆ ಕೈಯಲ್ಲಿ ಮುಖ ಮುಟ್ಟಬೇಡಿ. ಬೊಬ್ಬೆ ಬಂದರೆ ಒಡೆಯಬೇಡಿ. ಕಣ್ಣಿಗೆ ಹಾರಿದರೆ ನೀರಲ್ಲಿ ತೊಳೆಯುತ್ತಾ ಇದ್ದು, ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಒರೆಸಿದ ಬಟ್ಟೆಯನ್ನು ಮಗುವಿನ ಬಟ್ಟೆ ಜೊತೆ ಮೆಷಿನ್‌ಗೆ ಹಾಕಬೇಡಿ.