ಅಪ್‌ಡೇಟ್: ಆಲ್ಪಿನಾ ಬಿ10 ಬೈಟರ್ಬೊ ಕಾರಿಗೆ ಅಷ್ಟೊಂದು ಬೇಡಿಕೆ ಏಕೆ?

ಬಿಎಂಡಬ್ಲ್ಯೂ ಸಂಸ್ಥೆಯದೇ ವೇಗದ ಕಾರಾದ ಎಂ5 ಇರುವಾಗ, ಬಿಎಂಡಬ್ಲ್ಯೂ ಕಾರುಗಳನ್ನು ಮಾರ್ಪಡಿಸಿ ಮಾರುತ್ತಿದ್ದ ಆಲ್ಪಿನಾ ಸಂಸ್ಥೆಯ ಅದೇ ಕಾಲದ ಬಿ10 ಬೈಟರ್ಬೊವನ್ನು ಸಂಗ್ರಾಹಕರು ಏಕೆ ಹುಡುಕಿಕೊಂಡು ಹೋಗುತ್ತಾರೆ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದಗಳು. 1989ರಿಂದ 1994ರವರೆಗೆ ತಯಾರಾದದ್ದು ಕೇವಲ 507 ಕಾರುಗಳು ಎಂದು ಹಲವರು ಬರೆದಿದ್ದರು. ಆದರೆ ಅಪರೂಪವಾದದ್ದೆಲ್ಲ ಆಕರ್ಷಕವಾಗಿರಬೇಕೆಂದೇನೂ ಇಲ್ಲವಾದ್ದರಿಂದ ಆ ಉತ್ತರವೊಂದೇ ನನಗೆ ಸಾಲಲಿಲ್ಲ.

ನನಗೆ ಒಪ್ಪಿಗೆಯಾದ ಕಾರಣ ಎಂಜಿನ್ನಿನಲ್ಲಿದೆ. ಬವೇರಿಯಾದ ಬುಖ್‌ಲೋಯ ಪಟ್ಟಣದ ಆಲ್ಪಿನಾ, ಬಿಎಂಡಬ್ಲ್ಯೂ 535ಐ ಕಾರಿನ ಆರು ಸಿಲಿಂಡರುಗಳ 3.4 ಲೀಟರ್ ಎಂಜಿನ್ನಿಗೆ ಫೋರ್ಜ್ ಮಾಡಿದ ಪಿಸ್ಟನ್‌ಗಳನ್ನೂ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಎರಡು ಗ್ಯಾರೆಟ್ ಟರ್ಬೊಗಳನ್ನೂ ಕೂರಿಸಿ, ಅದರಿಂದ 360 ಅಶ್ವಶಕ್ತಿಯನ್ನೂ 520 ನ್ಯೂಟನ್ ಮೀಟರ್ ಟಾರ್ಕನ್ನೂ (ತಿರುಗಿಸುವ ಬಲ) ಪಡೆಯಿತು. ಟರ್ಬೊ ಇಲ್ಲದ 3.6 ಲೀಟರಿನ ಎಂ5ನಲ್ಲಿ ಇವು ಕ್ರಮವಾಗಿ 315 ಮತ್ತು 360. ಇಲ್ಲಿ ಗಮನಿಸಬೇಕಾದದ್ದು ಟಾರ್ಕಿನ ಅಂತರವನ್ನು: ಎಂ5 ತನ್ನ ಪೂರ್ಣ ಬಲ ತೋರಿಸಬೇಕಾದರೆ ಎಂಜಿನ್ನಿನ ಸುತ್ತುಗಳನ್ನು ಏರಿಸುತ್ತಲೇ ಇರಬೇಕು, ಬಿ10 ಮಾತ್ರ ಮೇಲಿನ ಗೇರಿನಲ್ಲಿದ್ದುಕೊಂಡೇ ಮುನ್ನುಗ್ಗಬಲ್ಲದು. ಜರ್ಮನಿಯ ಹೆದ್ದಾರಿಯಾದ ಆಟೊಬಾನಿನ ದೂರ ಪ್ರಯಾಣಕ್ಕೆ ನನ್ನ ಮಟ್ಟಿಗೆ ಇದೇ ಹೆಚ್ಚು ಯೋಗ್ಯವಾದ ಗುಣ.

ಟರ್ಬೊ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯೊಂದನ್ನು ಚಾಲಕನ ಕೈಗೆಟಕುವಂತೆಯೇ ಇಟ್ಟಿದ್ದಾರೆ. ಚಕ್ರಗಳಂತೂ ಇನ್ನೂ ಸ್ವಾರಸ್ಯಕರ. ಸಣ್ಣ ಕಡ್ಡಿಗಳ ಆ ಪ್ರಸಿದ್ಧ ವಿನ್ಯಾಸದಲ್ಲಿ ಗಾಳಿ ತುಂಬುವ ವಾಲ್ವ್ ಹೊರಗೆ ಕಾಣುವುದೇ ಇಲ್ಲ; ಅದು ನಡುವಿನ ಬೀಗವಿರುವ ಮುಚ್ಚಳದಡಿ ಇದ್ದು, ಗಾಳಿ ಟೊಳ್ಳಾದ ಕಡ್ಡಿಯೊಳಗಿನಿಂದ ಟೈರನ್ನು ಸೇರುತ್ತದೆ. ಪಂಕ್ಚರ್ ಅಂಗಡಿಯವರು ಇದನ್ನು ಎಷ್ಟು ಮೆಚ್ಚುತ್ತಾರೋ, ಅದು ಬೇರೆ ಮಾತು.