ಹೊಸ ಮನೆಗೆ ಸೋಲಾರ್ ಹೀಟರ್ ಸಾಕಾ, ಪ್ಯಾನೆಲ್ಲೂ ಬೇಕಾ?

ಕೇಳಿದವರು: ಬೆಂಗಳೂರಿನಲ್ಲಿ 30-40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ನಾಲ್ಕು ಜನ, ಬೋರ್‌ವೆಲ್ ನೀರು. ಹೀಟರ್ ಕಡ್ಡಾಯವಂತೆ. ಗೃಹಜ್ಯೋತಿಯ ಉಚಿತ ಕರೆಂಟ್ ಇರುವಾಗ ಇದಕ್ಕೆಲ್ಲ ದುಡ್ಡು ಹಾಕಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಜಯನಗರದವರು: ಹೀಟರ್ ಖಂಡಿತ ಹಾಕಿಸಿ ಸರ್. 2007ರಲ್ಲಿ ಸರ್ಕಾರ ಇದನ್ನು ಹೊಸ ಮನೆಗಳಿಗೆ ಕಡ್ಡಾಯ ಮಾಡಿತು. ಬಿಲ್‌ನಲ್ಲಿ ಯೂನಿಟ್‌ಗೆ 50 ಪೈಸೆ ರಿಯಾಯಿತಿಯೂ ಇತ್ತು, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ಅಷ್ಟು ದುಡ್ಡಿಗೆ ಯಾರೂ ಹೀಟರ್ ಹಾಕಿಸಲ್ಲ, ಹಾಕಿಸಿದ್ದು ಆ ನಿಯಮ. ಅದರಿಂದಲೇ ಇವತ್ತು ಎಲ್ಲಿ ಹೋದರೂ ರಿಪೇರಿಯವರು ಸಿಗುತ್ತಾರೆ. ಆದರೆ ನಿಯಮ ನೋಡುವುದು ಹೀಟರ್ ಇದೆಯಾ ಅಂತ ಮಾತ್ರ, ಬಿಸಿನೀರು ಬರುತ್ತಾ ಅಂತ ಅಲ್ಲ. ನಾವು ಮೊದಲು ಬಾಡಿಗೆಗಿದ್ದ ಮನೆಯಲ್ಲಿ ಅಗ್ಗದ ಟ್ಯಾಂಕ್ ಸೋರಿ ಸುಮ್ನೆ ಬಿದ್ದಿತ್ತು. ಎಲ್ಲರೂ ಗೀಸರ್ ಹಾಕುತ್ತಿದ್ದೆವು. ಆಯ್ಕೆಯನ್ನು ಕಂಟ್ರಾಕ್ಟರ್‌ಗೆ ಬಿಡಬೇಡಿ.

ಪ್ಲಂಬಿಂಗ್ ಕೆಲಸದವನು: ಅಣ್ಣ, ಮೊದಲು ನೀರು ಟೆಸ್ಟ್ ಮಾಡಿಸಿ. ಗಡಸು ನೀರಿಗೆ ಸಾಮಾನ್ಯ ತಾಮ್ರದ ಪ್ಲೇಟ್ ಮಾದರಿ ಹಾಕಿದರೆ ಒಳಗಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ. ಹೀಟ್ ಎಕ್ಸ್‌ಚೇಂಜರ್ (ಬೋರ್ ನೀರು ಪ್ಲೇಟಿನೊಳಗೆ ಹೋಗದೆ ಬೇರೆ ದ್ರವದ ಬಿಸಿಯಿಂದ ಕಾಯುವ ವ್ಯವಸ್ಥೆ) ಇರುವುದನ್ನು ಕೇಳಿ, ಇಲ್ಲವೇ ಗಾಜಿನ ಟ್ಯೂಬ್‌ನದು. ಟ್ಯೂಬ್ ಬಿಚ್ಚಿ ತೊಳೆಯಬಹುದು. ನಾಲ್ಕು ಜನಕ್ಕೆ 200 ಲೀಟರ್. ಬಚ್ಚಲುಮನೆಗಳು ಟ್ಯಾಂಕಿನ ಕೆಳಗೇ ಬರಲಿ. ಪೈಪ್ ಉದ್ದವಾದರೆ ಬಿಸಿನೀರು ಬರುವಷ್ಟರಲ್ಲಿ ಬಕೆಟ್ ತಣ್ಣೀರು ಹೋಗುತ್ತದೆ. ಬಿಸಿನೀರಿನ ಪೈಪಿಗೆ ಇನ್ಸುಲೇಶನ್ ಬಿಡಲೇಬೇಡಿ.

ಪ್ಯಾನೆಲ್ ಹಾಕಿಸಿದವರು: ಗೃಹಜ್ಯೋತಿ ಲೆಕ್ಕ ಸರಿಯಾಗಿ ನೋಡಿ. 200 ಯೂನಿಟ್ ಎಲ್ಲರಿಗೂ ಸಿಗಲ್ಲ. ಹಿಂದಿನ ವರ್ಷದ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಕೊಡುತ್ತಾರೆ. 2023ರಲ್ಲಿ ಯೋಜನೆ ಬಂದಾಗ ಹಳೇ ಲೆಕ್ಕ ಇಲ್ಲದ ಹೊಸ ಮನೆಗೆ ಇಟ್ಟಿದ್ದು 58 ಯೂನಿಟ್. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್, ಅಲ್ಲಿಗೆ ಖಾಲಿ! ಹಾಗಾಗಿ ಹೀಟರ್ ಮೊದಲು.

ಪ್ಯಾನೆಲ್‌ಗೆ 2024ರಿಂದ ಕೇಂದ್ರದ ಪಿಎಂ ಸೂರ್ಯಘರ್ ಸಬ್ಸಿಡಿ ಇದೆ, 3 ಕಿಲೋವ್ಯಾಟ್‌ಗೆ 78,000 ರೂಪಾಯಿ. ಆದರೆ ಬಿಲ್ಲೇ ಸೊನ್ನೆ ಬರುವ ಮನೆಗೆ ಉಳಿಯುವುದೇನು? ಒಂದು ಕೈ ಕೊಡುವ ಉತ್ಸಾಹವನ್ನು ಇನ್ನೊಂದು ಕೈ ಕಿತ್ತುಕೊಳ್ಳುತ್ತಿದೆ, ನನಗೆ ನಿಜಕ್ಕೂ ಬೇಸರ. ಎಸಿ ಅಥವಾ ಎಲೆಕ್ಟ್ರಿಕ್ ಗಾಡಿ ಬರುವುದಿದ್ದರೆ ಮಾತ್ರ ಈಗಲೇ ಹಾಕಿಸಿ. ಇಲ್ಲದಿದ್ದರೆ ತಾರಸಿಯಲ್ಲಿ ನೆರಳು ಬೀಳದ ಜಾಗ ಬಿಟ್ಟು, ಮೀಟರ್ ಬೋರ್ಡ್‌ವರೆಗೆ ವೈರಿನ ಪೈಪ್ ಎಳೆಸಿಡಿ. ಗಾರೆ ಆದ ಮೇಲೆ ಗೋಡೆ ಒಡೆಸುವುದು ಜಾಸ್ತಿ ಖರ್ಚು.